ನೀವು ಕೇಳಿರದ ನಮೂದು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಇಸವಿ ಎರಡು ಸಾವಿರದ ಹದಿನೈದು ಎಂದುಕೊಂಡಿದ್ದೇನೆ, ಹದಿನಾರೂ ಆಗಿರಬಹುದು. ಅಣ್ಣ ಅಂದು ಕೊಟ್ಟ ಸೀರೆ ಹಸಿರು ಎಂದು ನನ್ನ ನೆನಪು, ಬೀರುವಿನಲ್ಲಿರುವುದು ನೇರಳೆ. ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತಿದ್ದೇನೆ, ಆದರೂ ನನ್ನ ಡೈರಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಯಾವುದನ್ನು ಬರೆಯಲು ಮನಸ್ಸಾಯಿತೋ ಅದಷ್ಟೇ ಅದರಲ್ಲಿದೆ. ಇಡೀ ಪ್ರಕರಣದಲ್ಲಿ ಬದಲಾಗದೆ ಉಳಿದಿರುವುದು ಎಂಟು ಇಮೇಲುಗಳು. ನಾಲ್ಕು ನಾನು ಬರೆದದ್ದು, ನಾಲ್ಕು ನನಗೆ ಬಂದದ್ದು. ಈಗಲೂ ಇವೆ, ತೆರೆದರೆ ಅದೇ ಪದಗಳು ಅದೇ ಜಾಗದಲ್ಲಿ ಕೂತಿರುತ್ತವೆ.

ಆಗ ನಾನು ಆರ್.ಟಿ. ನಗರದ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಮನೆ ಸಹಕಾರನಗರದಲ್ಲಿ. ಜುಲೈ ಬಂತೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಬೇರೆಲ್ಲ ಮಾತು ನಿಂತು ಆದಾಯ ತೆರಿಗೆ ರಿಟರ್ನ್ಸ್ ಮಾತು ಶುರುವಾಗುತ್ತಿತ್ತು. ಆ ವರ್ಷ ಉತ್ತರಪತ್ರಿಕೆ ತಿದ್ದಿದ್ದಕ್ಕೆ ಬಂದ ಸಂಭಾವನೆಯಲ್ಲಿ ತೆರಿಗೆ ಹಿಡಿದುಕೊಂಡಿದ್ದರು. ಅದನ್ನು ವಾಪಸು ಪಡೆಯುವುದು ಹೇಗೆಂದು ನನಗೆ ಗೊತ್ತಾಗಲಿಲ್ಲ. ಅರ್ಥಶಾಸ್ತ್ರದ ಸಹೋದ್ಯೋಗಿಯೊಬ್ಬರು ಒಂದು ವೆಬ್‌ಸೈಟಿನ ಹೆಸರು ಬರೆದುಕೊಟ್ಟರು.

"ಆಡಿಟರ್ ಹತ್ರ ಹೋದ್ರೆ ಅರ್ಧ ದಿನ ಬೆಂಚ್ ಮೇಲೆ ಕೂರಿಸ್ತಾರೆ ಕಣ್ರೀ. ಇಲ್ಲಿ ಪ್ರಶ್ನೆ ಬರೆದು ಕಳ್ಸಿ, ಎರಡು ದಿನದಲ್ಲಿ ಉತ್ತರ ಬರುತ್ತೆ. ಪ್ರಶ್ನೆಗಿಷ್ಟು ಅಂತ ಫೀಸು. ಕೇಳಿದ್ದಕ್ಕೆ ಮಾತ್ರ ಹೇಳ್ತಾರೆ, ಊರ ಉಸಾಬರಿ ಮಾಡಲ್ಲ."

ಸಂಜೆ ಇದನ್ನು ನನ್ನ ಗಂಡನಿಗೆ ಹೇಳಿದೆ. "ಪ್ರಶ್ನೆಗಿಷ್ಟು ಅಂತ ನಾನೂ ಇಸ್ಕೊಂಡಿದ್ರೆ ಇಷ್ಟೊತ್ತಿಗೆ ಇನ್ನೊಂದು ಮನೆ ಕಟ್ಟಿರ್ತಿದ್ದೆ" ಅಂದರು.

ನನ್ನ ಪ್ರಶ್ನೆ ನಾಲ್ಕು ಸಾಲಿನದು. ಜೊತೆಗೆ ನನ್ನ ಪ್ಯಾನ್ ಸಂಖ್ಯೆಯಲ್ಲಿ ಯಾರು ಯಾರು ತೆರಿಗೆ ಕಟ್ಟಿದ್ದಾರೆಂದು ತೋರಿಸುವ ಪಟ್ಟಿಯನ್ನು ತೆರಿಗೆ ಇಲಾಖೆಯ ಜಾಲತಾಣದಿಂದ ಇಳಿಸಿಕೊಂಡು ಲಗತ್ತಿಸಬೇಕೆಂದು ಅವರೇ ಸೂಚಿಸಿದ್ದರು. ಇಳಿಸಿಕೊಂಡೆ. ಮೊದಲ ಪುಟದಲ್ಲಿ ಮೌಲ್ಯಮಾಪನದ ಸಾಲು ಕಂಡಿತು, ಅಷ್ಟು ನೋಡಿ ಕಳಿಸಿಬಿಟ್ಟೆ. ಎರಡನೆಯ ಪುಟ ಇದೆಯೆಂದೂ ಗಮನಿಸಲಿಲ್ಲ. ಆಕರಗಳನ್ನು ಕೊನೆಯ ಪುಟದವರೆಗೆ ಓದಬೇಕೆಂದು ವಿದ್ಯಾರ್ಥಿಗಳಿಗೆ ವರ್ಷಕ್ಕೆ ಎಷ್ಟು ಸಲ ಹೇಳುತ್ತಿದ್ದೆನೋ.

ಉತ್ತರ ಮೂರನೆಯ ದಿನ ಬೆಳಿಗ್ಗೆ ಬಂತು. ಇಂಗ್ಲಿಷಿನಲ್ಲಿತ್ತು, ಕೆಳಗೆ ಹೆಸರಿರಲಿಲ್ಲ, ಒಂದು ಉಲ್ಲೇಖ ಸಂಖ್ಯೆ ಮಾತ್ರ. ಹಿಡಿದುಕೊಂಡ ತೆರಿಗೆ ಹೇಗೆ ವಾಪಸು ಬರುತ್ತದೆಂದು ಚೊಕ್ಕವಾಗಿ ವಿವರಿಸಿ, ಕೊನೆಗೆ ಎರಡು ವಾಕ್ಯ ಸೇರಿಸಿದ್ದರು. ಒಂದು, ನೀವು ತಿಳಿಸಿರುವ ಸಂಗತಿಗಳು ಸರಿಯಿವೆ ಎಂದು ಭಾವಿಸಿ ಈ ಉತ್ತರ ಕೊಡಲಾಗಿದೆ. ಇನ್ನೊಂದು, ಪಟ್ಟಿಯ ಎರಡನೆಯ ಪುಟದಲ್ಲಿ ಸ್ಥಿರಾಸ್ತಿ ಮಾರಾಟದ ಒಂದು ನಮೂದು ಇದೆ. ಅದರ ಬಗ್ಗೆ ನೀವು ಕೇಳಿಲ್ಲ.

ಎರಡನೆಯ ಪುಟ ತೆರೆದೆ. ನನ್ನ ಹೆಸರು ಮಾರಿದವರ ಜಾಗದಲ್ಲಿತ್ತು. ಕೊಂಡವರ ಜಾಗದಲ್ಲಿ ನಾನು ಕೇಳಿರದ ಒಂದು ಕಟ್ಟಡ ಕಂಪನಿ. ಮೊತ್ತದ ಅಂಕಿಗಳನ್ನು ಬೆರಳಿಟ್ಟು ಬಲದಿಂದ ಎಡಕ್ಕೆ ಎಣಿಸಬೇಕಾಯಿತು. ತಿಂಡಿಗೆ ಕರೆದ ಗಂಡನಿಗೆ ಬರ್ತೀನಿ ಅಂದೆ. ಅವಲಕ್ಕಿ ತಣ್ಣಗಾಯಿತೆಂದು ಡೈರಿಯಲ್ಲಿದೆ. ನಮೂದಿನ ಬಗ್ಗೆ ಅಂದು ಡೈರಿಯಲ್ಲಿ ಒಂದಕ್ಷರವೂ ಇಲ್ಲ.

ಕಂಪ್ಯೂಟರ್ ತಪ್ಪು ಎಂದೇ ನನಗೆ ಅನಿಸಿತು, ಅಥವಾ ಹಾಗೆ ಅನಿಸಿತೆಂದು ಈಗ ಹೇಳಿಕೊಳ್ಳುತ್ತಿದ್ದೇನೆ. ಎರಡನೆಯ ಪ್ರಶ್ನೆಗೆ ಫೀಸು ಕಟ್ಟಿ ಬರೆದೆ: ನಾನು ಯಾವ ಆಸ್ತಿಯನ್ನೂ ಮಾರಿಲ್ಲ. ಬೇರೆ ಯಾರದೋ ವ್ಯವಹಾರ ನನ್ನ ಸಂಖ್ಯೆಗೆ ಬಿದ್ದಿರಬಹುದೆ?

ಬೀಳಬಹುದು ಎಂದು ಉತ್ತರ ಬಂತು. ದೊಡ್ಡ ಬೆಲೆಯ ಜಾಗ ಕೊಂಡವರು ಬೆಲೆಯ ಒಂದು ಪಾಲನ್ನು ಹಿಡಿದು ಮಾರಿದವರ ಹೆಸರಿನಲ್ಲಿ ತೆರಿಗೆ ಕಟ್ಟಬೇಕು; ಹಾಗೆ ಕಟ್ಟುವಾಗ ಸಂಖ್ಯೆ ತಪ್ಪುವುದುಂಟು. ಆದರೆ ಹಾಗೆ ತಪ್ಪಿ ಬಿದ್ದ ನಮೂದು ಸಾಮಾನ್ಯವಾಗಿ ಸಂಬಂಧವೇ ಇಲ್ಲದ ಊರಿನದಾಗಿರುತ್ತದೆ. ನಿಮ್ಮ ವಿಷಯದಲ್ಲಿ ಕೊಂಡವರ ವಿಳಾಸ ನಿಮ್ಮ ಮನೆಯಿಂದ ಕೆಲವೇ ಮೈಲಿ ದೂರ. ಹಾಗಾಗಿ ಎರಡು ಸಂಗತಿ ತಿಳಿದರೆ ಒಳ್ಳೆಯದು. ಪಿತ್ರಾರ್ಜಿತವಾಗಿ ನಿಮಗೆ ಯಾವುದಾದರೂ ಜಾಗದಲ್ಲಿ ಪಾಲಿತ್ತೆ? ನಿಮ್ಮ ಪರವಾಗಿ ವ್ಯವಹರಿಸಲು ಯಾರಿಗಾದರೂ ಅಧಿಕಾರಪತ್ರ ಬರೆದುಕೊಟ್ಟಿದ್ದೀರಾ?

ಮುಖ ನೋಡದ ಡಾಕ್ಟರು ಕೇಳುವ ಪ್ರಶ್ನೆಗಳಂತಿದ್ದವು. ನೋವು ಎಲ್ಲಿದೆ ಎಂದು ನಾನು ಹೇಳುವ ಮೊದಲೇ ಬೆರಳು ಅಲ್ಲಿಗೆ ಬಂದಿತ್ತು.

ನಮ್ಮದು ಅಲ್ಲಾಳಸಂದ್ರದ ಹಳೆಯ ಮನೆತನ. ಊರು ಊರಾಗಿದ್ದಾಗಿನಿಂದ ಅಲ್ಲೇ ಇದ್ದವರು. ಅಪ್ಪ ಕಾರ್ಖಾನೆಯಲ್ಲಿ ಕೆಲಸ ಮಾಡಿದರೂ ತಣಿಸಂದ್ರದ ಕಡೆ ಅವರ ಹೆಸರಿನಲ್ಲಿ ಒಂದು ಜಾಗ ಉಳಿದಿತ್ತು. ಸುತ್ತ ಎಲ್ಲ ಲೇಔಟ್ ಆದ ಮೇಲೂ ಅದು ಕಲ್ಲು ಕಂಬದ ಬೇಲಿಯೊಳಗೆ ಹಾಗೇ ಇತ್ತು. ಅಪ್ಪ ತೀರಿಕೊಂಡದ್ದು ಈ ಇಮೇಲುಗಳಿಗೆ ಮೂರು ನಾಲ್ಕು ವರ್ಷ ಮೊದಲು. ಮಕ್ಕಳೆಂದರೆ ನಾನು ಮತ್ತು ಅಣ್ಣ, ಇಬ್ಬರೇ. ಅಮ್ಮ ಅಣ್ಣನ ಮನೆಯಲ್ಲಿ ಇದ್ದಾಳೆ.

ಅಪ್ಪನ ವರ್ಷಾಬ್ದಿ ಮುಗಿದ ಮೇಲೆ ಒಂದು ದಿನ ಅಮ್ಮ ಫೋನ್ ಮಾಡಿದಳು. "ನಾಳೀಕೆ ಬಾ. ನಿಮ್ಮಣ್ಣ ಆಫೀಸಿಗೆ ಕರ್ಕೊಂಡು ಓಯ್ತಾನೆ, ಅಪ್ಪನ ಎಸ್ರಿಂದ ಖಾತೆ ಬದಲಾಯಿಸ್ಬೇಕಂತೆ. ಅಲ್ಲಿ ನಿಂತ್ಕೊಂಡು ಅದೇನು ಇದೇನು ಅಂತ ಕೇಳ್ಬೇಡ. ಮೊದ್ಲೇ ಅವ್ನು ನೊಂದವ್ನೆ." ಈ ಕೊನೆಯ ಎರಡು ಮಾತು ನನಗೆ ಸ್ಪಷ್ಟವಾಗಿ ನೆನಪಿದೆ. ಅದಕ್ಕೇ ಅನುಮಾನ. ಆ ದಿನದ ಡೈರಿಯಲ್ಲಿ ಇರುವುದು ಇಷ್ಟು: ಅಮ್ಮನ ಫೋನ್ ಬಂತು, ನಾಳೆ ರಜೆ ಹಾಕಬೇಕು. ಮಿಕ್ಕದ್ದನ್ನು ನಾನು ಆಮೇಲೆ ಸೇರಿಸಿಕೊಂಡೆನೆ? ಪಾಠ ಮಾಡುವಾಗ ಇಂಥ ಸಾಕ್ಷಿಯನ್ನು ನಾನು ಬದಿಗಿಡುತ್ತೇನೆ.

ಮಾರನೆಯ ದಿನ ಉಪನೋಂದಣಿ ಕಚೇರಿಗೆ ಹೋದೆವು. ಮೊದಲ ಮಹಡಿ, ಕೆಳಗೆ ಬೇಕರಿ. ಅಣ್ಣನ ಕೈಯಲ್ಲಿ ಹಸಿರು ಸ್ಟ್ಯಾಂಪ್ ಹಾಳೆಗಳ ಒಂದು ಕಟ್ಟು. ಅದನ್ನು ನನ್ನ ಮುಂದಿಟ್ಟು ಪುಟ ತಿರುವುತ್ತಾ ಹೋದ. ಅವನ ಬೆರಳು ಎಲ್ಲಿ ನಿಂತಿತೋ ಅಲ್ಲಿ ನಾನು ಸಹಿ ಹಾಕಿದೆ. ಓದಲಿಲ್ಲ.

ಎಂ.ಎ. ಮಾಡಿದವಳು ಹೀಗೆ ಮಾಡಿದಳೆಂದರೆ ಕೆಲವರಿಗೆ ನಂಬಿಕೆ ಬರುವುದಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ತವರಿನವರು ಚಾಚಿದ ಕಾಗದವನ್ನು ಓದಿ ಸಹಿ ಹಾಕುವುದೆಂದರೆ ಅಣ್ಣತಮ್ಮಂದಿರನ್ನು ಎದುರಿಗೇ ಕಳ್ಳರು ಎಂದು ಕರೆದಂತೆ. ನಮ್ಮ ಸೋದರತ್ತೆಯರೆಲ್ಲ ಹಾಗೇ ಸಹಿ ಹಾಕಿದವರು, ಕೆಲವರು ಹೆಬ್ಬೆಟ್ಟು. ಸಹಿಯಾದ ಮೇಲೆ ಮನೆಗೆ ಕರೆದು ಅರಿಶಿನ ಕುಂಕುಮ, ಸೀರೆ, ಮಡಿಲಕ್ಕಿ. ಅಂದೂ ಅದೆಲ್ಲ ಆಯಿತು. ಅಮ್ಮನೇ ಮಡಿಲು ತುಂಬಿದಳು. ಅಣ್ಣ ನನ್ನ ಪ್ಯಾನ್ ಕಾರ್ಡಿನ ಝೆರಾಕ್ಸ್ ಕೇಳಿದ, ಕೊಟ್ಟೆ. ನನ್ನ ಮನಸ್ಸಿನಲ್ಲಿ ಖಾತೆ ಬದಲಾವಣೆ ಮುಗಿಯಿತು.

ಇದನ್ನೆಲ್ಲ, ಮಡಿಲಕ್ಕಿಯೊಂದನ್ನು ಬಿಟ್ಟು, ಮೂರನೆಯ ಇಮೇಲಿನಲ್ಲಿ ಬರೆದೆ. ಕಚೇರಿಯಲ್ಲಿ ಕ್ಯಾಮೆರಾ ಮುಂದೆ ಕೂರಿಸಿ ಫೋಟೊ ತೆಗೆದದ್ದು, ಹೆಬ್ಬೆರಳನ್ನು ಒಂದು ಯಂತ್ರದ ಮೇಲೆ ಒತ್ತಿಸಿದ್ದು, ಎಲ್ಲವನ್ನೂ.

ಉತ್ತರ ಸಣ್ಣದು. ಖಾತೆ ಬದಲಾವಣೆಗೆ ಉಪನೋಂದಣಿ ಕಚೇರಿಯಲ್ಲಿ ಫೋಟೊ, ಹೆಬ್ಬೆರಳಿನ ಗುರುತು ಬೇಕಾಗುವುದಿಲ್ಲ. ನೀವು ನೋಂದಾಯಿಸಿದ್ದು ಬೇರೆ ಏನೋ ಆಗಿರುವ ಸಾಧ್ಯತೆ ಹೆಚ್ಚು. ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಇಲಾಖೆಯಿಂದ ನಿಮಗೆ ಒಂದು ಸಂದೇಶ ಬರಬಹುದು; ಅಷ್ಟರೊಳಗೆ ನೀವು ಏನು ಮಾಡಿದ್ದೀರಿ ಎಂಬುದು ನಿಮಗೆ ತಿಳಿದಿರಬೇಕು.

ನೀವು ಏನು ಮಾಡಿದ್ದೀರಿ ಎಂಬುದು ನಿಮಗೆ ತಿಳಿದಿರಬೇಕು. ಈ ಸಾಲು ಕೆಲವು ದಿನ ಪಾಠದ ಮಧ್ಯೆಯೂ ನುಗ್ಗುತ್ತಿತ್ತು.

ಒಂದು ಶನಿವಾರ ಕಾಲೇಜು ಬಿಟ್ಟವಳು ಮನೆಗೆ ಹೋಗದೆ ತಣಿಸಂದ್ರಕ್ಕೆ ಆಟೊ ಹತ್ತಿದೆ. ಕಲ್ಲು ಕಂಬಗಳಿಲ್ಲ. ಉದ್ದಕ್ಕೂ ನೀಲಿ ತಗಡಿನ ಗೋಡೆ, ಒಂದು ಕಡೆ ತಗಡು ಸರಿದು ಸಂದಿಯಾಗಿತ್ತು. ಇಣುಕಿದೆ. ಮೂರು ಮಹಡಿ ಆಳದ ಗುಂಡಿ, ತಳದಲ್ಲಿ ಕೆಂಪು ನೀರು. ಎಲ್ಲಿಂದ ಎಲ್ಲಿಯವರೆಗೆ ನಮ್ಮದಿತ್ತು ಎಂದು ಗುರುತು ಹಿಡಿಯಲು ನೋಡಿದೆ, ಆಗಲಿಲ್ಲ. ಕಾವಲಿನವನು ಬಂದು, "ಫ್ಲಾಟ್ ನೋಡೋಕ್ಕಾ ಮೇಡಂ? ಸೇಲ್ಸ್ ಆಫೀಸು ಆ ಕಡೆ" ಅಂದ. ಇಲ್ಲ ಅಂದೆ. "ಹಂಗಾದ್ರೆ ಇಲ್ಲಿ ನಿಲ್ಬೇಡಿ, ಮಣ್ಣು ಕುಸಿಯುತ್ತೆ."

ಇಷ್ಟಾದ ಮೇಲೆ ಗಂಡನಿಗೆ ಹೇಳಿದೆ. ಅವರು ತಮಾಷೆ ಮಾಡಲಿಲ್ಲ. "ಓದದೇ ಸಹಿ ಹಾಕಿದ್ಯಾ?" ಅಂತ ಎರಡು ಸಲ ಕೇಳಿದರು. ಎರಡನೆಯ ಸಲ ನನ್ನನ್ನು ಕೇಳಿದಂತಿರಲಿಲ್ಲ. ಆಮೇಲೆ, "ನಕಲು ತೆಗೆಸು. ನೋಡಿದ್ಮೇಲೆ ನೀನೇ ಏನು ಬೇಕೋ ಮಾಡು, ನಾನು ಮಧ್ಯೆ ಬರಲ್ಲ. ನಾನು ಬಂದ್ರೆ ಅಳಿಯ ಆಸ್ತಿಗೆ ಬಂದ ಅಂತಾರೆ" ಅಂದರು.

ನಕಲು ಕೈಗೆ ಬರುವ ಹೊತ್ತಿಗೆ ದಸರಾ ಕಳೆದಿತ್ತು. ಅದನ್ನು ತರಲು ಹೋಗುವ ದಾರಿಯುದ್ದಕ್ಕೂ ನಾನು ಹಾರೈಸಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಆ ಹಾಳೆಗಳ ಮೇಲಿನ ಸಹಿ ನನ್ನದಾಗಿರಬಾರದು ಎಂದುಕೊಳ್ಳುತ್ತಿದ್ದೆ. ಅಣ್ಣ ನನ್ನ ಸಹಿಯನ್ನು ತಾನೇ ಹಾಕಿರಲಿ. ಆಗ ತಪ್ಪು ಯಾರದೆಂದು ನಿಶ್ಚಯವಾಗುತ್ತದೆ.

ಸಹಿ ನನ್ನದೇ. ಪ್ರತಿ ಪುಟದ ಕೆಳಗೂ, ಕೊನೆಯ ಅಕ್ಷರದ ಬಾಲ ಕೆಳಗೆ ಎಳೆದು. ಅದು ಜಿಪಿಎ, ಅಂದರೆ ತಣಿಸಂದ್ರದ ಜಾಗದಲ್ಲಿ ನನ್ನ ಪಾಲನ್ನು ಮಾರುವ, ಹಣ ಪಡೆಯುವ, ರಸೀತಿ ಕೊಡುವ ಅಧಿಕಾರವನ್ನು ಅಣ್ಣನಿಗೆ ಕೊಡುವ ಪತ್ರ. ಅಚ್ಚ ಕನ್ನಡದಲ್ಲಿತ್ತು. ಓದಿದ್ದರೆ ಮೊದಲ ಪುಟದಲ್ಲೇ ತಿಳಿಯುತ್ತಿತ್ತು. "ಓದಿಸಿ ಕೇಳಿ, ಅರ್ಥಮಾಡಿಕೊಂಡು, ಸ್ವಸಂತೋಷದಿಂದ" ಎಂದು ಕೊನೆಯಲ್ಲಿ ಬರೆದಿತ್ತು, ಅದರ ಕೆಳಗೂ ನನ್ನ ಸಹಿ. ಅದರ ಹಿಂದಿನ ಹಾಳೆಯಲ್ಲಿ ನನ್ನ ಫೋಟೊ. ಕ್ಯಾಮೆರಾ ನೋಡಬೇಕಾಗಿದ್ದ ಕಣ್ಣುಗಳು ಎಡಕ್ಕೆ ತಿರುಗಿವೆ. ಎಡಗಡೆ ಬೆಂಚಿನ ಮೇಲೆ ಅಮ್ಮ ಕೂತಿದ್ದಳು. ಇದೊಂದು ನನಗೆ ಖಚಿತವಾಗಿ ಗೊತ್ತು, ಏಕೆಂದರೆ ಸಾಕ್ಷಿಗಳ ಪಟ್ಟಿಯಲ್ಲಿ ಮೊದಲನೆಯ ಹೆಬ್ಬೆಟ್ಟು ಅವಳದು.

ಇಲಾಖೆಯ ಸಂದೇಶ ಡಿಸೆಂಬರಿನಲ್ಲಿ ಬಂತು. ಬೈಗುಳವೇನೂ ಇರಲಿಲ್ಲ. ಹೀಗೊಂದು ಮಾರಾಟದ ಮಾಹಿತಿ ನಮ್ಮಲ್ಲಿದೆ, ನಿಮ್ಮ ರಿಟರ್ನ್ಸಿನಲ್ಲಿ ಕಾಣುತ್ತಿಲ್ಲ, ಜಾಲತಾಣಕ್ಕೆ ಬಂದು ತಿಳಿಸಿ. ಅಲ್ಲಿ ಆರಿಸಿಕೊಳ್ಳಲು ಉತ್ತರಗಳಿದ್ದವು. ಈ ವ್ಯವಹಾರ ನನ್ನದು. ಈ ವ್ಯವಹಾರ ನನ್ನದಲ್ಲ. ನನಗೆ ತಿಳಿಯದು ಎಂಬ ಅರ್ಥದ ಒಂದೂ ಇತ್ತೆಂದು ನೆನಪು. ಅದೇ ನಿಜಕ್ಕೆ ಹತ್ತಿರವಾಗಿತ್ತು, ಆದರೆ ನಕಲು ಓದಿದ ಮೇಲೆ ಅದನ್ನು ಆರಿಸುವುದು ಸುಳ್ಳಾಗುತ್ತಿತ್ತು.

ನಾಲ್ಕನೆಯ ಇಮೇಲ್ ಬರೆದೆ. ಮಾರಾಟದ ಹಣದಲ್ಲಿ ಒಂದು ರೂಪಾಯಿಯೂ ನನ್ನ ಕೈಗೆ ಬಂದಿಲ್ಲ. ನನ್ನದಲ್ಲ ಎಂದು ಹೇಳಬಹುದೆ?

ನಾಲ್ಕು ಉತ್ತರಗಳಲ್ಲಿ ಇದೊಂದು ಬೆಳಿಗ್ಗೆ ಕಳಿಸಿದ್ದಕ್ಕೆ ಅಂದೇ ಮಧ್ಯಾಹ್ನ ಬಂತು. ನಿಮ್ಮ ಪರವಾಗಿ ಅಧಿಕಾರ ಪಡೆದವರು ಪಡೆದ ಹಣವನ್ನು ಕಾನೂನು ನೀವೇ ಪಡೆದಂತೆ ಕಾಣುತ್ತದೆ. ತೆರಿಗೆ ನಿಮ್ಮ ಹೊಣೆ. ನಿಮ್ಮದಲ್ಲ ಎಂದು ಹೇಳಿದರೆ ಅಧಿಕಾರಪತ್ರ ಸುಳ್ಳು ಎಂದು ಹೇಳಿದಂತಾಗುತ್ತದೆ. ಅದನ್ನು ಬರೆಸಿಕೊಂಡವರ ಮೇಲೆ ಅದರ ಪರಿಣಾಮ ಏನೆಂದು ವಕೀಲರಿಂದ ತಿಳಿದುಕೊಳ್ಳಿ. ಹಣದ ಲೆಕ್ಕವನ್ನು ಅವರಿಂದ ಕೇಳುವ ಹಕ್ಕು ನಿಮಗಿದೆ. ಆದರೆ ಅದು ತೆರಿಗೆಯ ಪ್ರಶ್ನೆಯಲ್ಲ. ನೀವು ತಿಳಿಸಿರುವ ಸಂಗತಿಗಳು ಸರಿಯಿವೆ ಎಂದು ಭಾವಿಸಿ.

ಅಣ್ಣನನ್ನು ಕಾಣಲು ಹೋದೆ. ಅವನು ಮನೆ ಮುಂದೆ ಕಾರು ತೊಳೆಯುತ್ತಿದ್ದ. ಕಾರು ಹೊಸದು. ಪೈಪು ಬಿಡಲಿಲ್ಲ, ನಾನು ಚಾಚಿದ ನಕಲನ್ನೂ ತೆಗೆದುಕೊಳ್ಳಲಿಲ್ಲ.

"ಇದನ್ ತರ್ಸೋಕೆ ಆಫೀಸಿಗೆಲ್ಲ ಅಲೆದ್ಯಾ? ನನ್ನ ಕೇಳಿದ್ರೆ ನಾನೇ ಕೊಡ್ತಿದ್ನಲ್ಲೇ, ಒಳಗೆ ಬೀರುನಲ್ಲೇ ಇದೆ."

"ಖಾತೆ ಬದಲಾವಣೆ ಅಂದಿದ್ರಲ್ಲ."

"ಖಾತೆನೂ ಆಯ್ತು, ಇದೂ ಆಯ್ತು. ಒಂದೇ ಸಲಕ್ಕೆ ಮುಗಿಸಿದ್ವಿ, ನಿಂಗ್ಯಾಕೆ ಎರಡು ಸಲ ರಜೆ ಅಂತ."

"ನನಗೊಂದು ಮಾತು ಹೇಳ್ಬಹುದಿತ್ತು."

"ಓದ್ಬೇಡ ಅಂತ ನಾನಂದ್ನಾ? ನಿನ್ ಕೈಲೇ ಕೊಟ್ಟಿದ್ದೆ. ಮನೇಲಿ ಜಾಸ್ತಿ ಓದಿದೋಳು ನೀನು." ಬಾನೆಟ್ಟಿನ ಮೇಲೆ ನೀರು ಬಿಟ್ಟ. "ನೋಡು, ಅಪ್ಪನ ಆಸ್ಪತ್ರೆ ನಾನೇ ನೋಡ್ಕೊಂಡೆ. ಅಮ್ಮನ್ನ ನಾನೇ ನೋಡ್ಕೊಂಡಿದೀನಿ. ಅದಕ್ಕೆಲ್ಲ ಯಾವ ಆಫೀಸಲ್ಲಿ ನಕಲು ಸಿಗುತ್ತೆ ಹೇಳು, ನಾನೂ ಅರ್ಜಿ ಹಾಕ್ತೀನಿ."

ಇಲಾಖೆಯ ಸಂದೇಶದ ವಿಷಯ ಹೇಳಿದೆ. ಆಗ ಮಾತ್ರ ನಲ್ಲಿ ನಿಲ್ಲಿಸಿದ.

"ಏನಂತ ಬರೀತೀಯ?"

"ಇನ್ನೂ ಬರೆದಿಲ್ಲ."

"ನಿಂದೇ ಅಂತ ಬರಿ. ಟ್ಯಾಕ್ಸು ನಾನ್ ಕಟ್ತೀನಿ, ನಿನ್ ಕೈಯಿಂದ ಏನೂ ಹೋಗಲ್ಲ. ನಿಂದಲ್ಲ ಅಂತ ಬರೆದ್ರೆ," ಅಂದು ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದ, "ನನ್ನೊಬ್ಬನ್ನೇ ಕರ್ಸಲ್ಲ ಅವ್ರು. ಸಾಕ್ಷಿ ಹಾಕಿದೋರನ್ನೂ ಕರ್ಸ್ತಾರೆ. ಯೋಚ್ನೆ ಮಾಡು."

ಬೆದರಿಕೆಯೋ ಎಚ್ಚರಿಕೆಯೋ ನನಗೆ ಇಂದಿಗೂ ಗೊತ್ತಿಲ್ಲ. ಅವನ ಮುಖದಲ್ಲಿ ಭಯ ಇತ್ತು, ಅದು ಯಾರ ಬಗೆಗಿನ ಭಯ ಎಂಬುದು ತಿಳಿಯಲಿಲ್ಲ.

ಎರಡು ದಿನ ಬಿಟ್ಟು, ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ, ಊಟದ ಬಿಡುವಿನಲ್ಲಿ, ಈ ವ್ಯವಹಾರ ನನ್ನದು ಎಂಬುದನ್ನು ಒತ್ತಿದೆ. ಪಕ್ಕದಲ್ಲಿ ಯಾರೋ ಪುಳಿಯೋಗರೆ ಡಬ್ಬಿ ತೆರೆದಿದ್ದರು. ನಿಮ್ಮ ಉತ್ತರ ದಾಖಲಾಗಿದೆ ಎಂದು ಪರದೆಯಲ್ಲಿ ಬಂತು. ಅಣ್ಣ ಮಾತಿನಂತೆ ತೆರಿಗೆ ಕಟ್ಟಿದ. ಇಲಾಖೆಯ ಮಟ್ಟಿಗೆ ಎಲ್ಲ ಅಲ್ಲಿಗೆ ಮುಗಿಯಿತು. ಆದರೆ ಅಂದಿನಿಂದ ಒಂದು ವಿಚಿತ್ರ ಶುರುವಾಯಿತು. ಆ ಜಾಗವನ್ನು ನಾನೇ ಮಾರಿದಂತೆ ನೆನಪುಗಳು ಬರತೊಡಗಿದವು. ಅಣ್ಣ ಕಚೇರಿಯ ಮೆಟ್ಟಿಲ ಮೇಲೆ ನಿಂತು, ಮಾರೋಣ ಕಣೇ, ಅಂದ ಹಾಗೆ. ನಾನು ಆಯ್ತು ಅಂದ ಹಾಗೆ. ಅಂಥದ್ದು ನಡೆದಿಲ್ಲವೆಂದು ನನಗೆ ಗೊತ್ತು. ಎಷ್ಟು ದಿನ ಗೊತ್ತಿರುತ್ತದೋ ಹೇಳಲಾರೆ. ಈ ಬರಹಕ್ಕೆ ಕೂತದ್ದೂ ಅದಕ್ಕೇ.

ಅದಾದ ಮೇಲಿನ ವಾರ ಅಮ್ಮನ ಹತ್ತಿರ ಹೋದೆ. ಅವರೆಕಾಯಿ ಕಾಲ. ಅಮ್ಮ ಹಿತ್ತಲ ಬಾಗಿಲಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ನೆನೆದ ಕಾಳು ಹಿತುಕುತ್ತಿದ್ದಳು. ನಾನೂ ಕೂತೆ. ಬೇಳೆ ಬಟ್ಟಲಿಗೆ ಹಾರುತ್ತಿತ್ತು, ಸಿಪ್ಪೆ ಅವಳ ಬೆರಳಿನಲ್ಲಿ ಉಳಿಯುತ್ತಿತ್ತು.

"ನಿಮ್ಮಣ್ಣನ ಮೇಲೆ ಕ್ವಾಪ ಮಾಡ್ಕಂಡಿದ್ಯಂತೆ" ಅಂದಳು.

"ಇಲ್ಲ."

"ಮತ್ಯಾಕೆ ಅಬ್ಬಕ್ಕೆ ಬರ್ಲಿಲ್ಲ?"

"ಪರೀಕ್ಷೆ ಕೆಲಸ ಇತ್ತು."

"ಊಂ. ಓದಿದೋರ್ಗೆ ಯಾವಾಗ್ಲೂ ಪರೀಕ್ಸೆ."

ನಾನು ನಕ್ಕೆ, ಅವಳೂ ನಕ್ಕಳು. ಹಾಗೇ ಎದ್ದು ಬಂದಿದ್ದರೆ ಆಗುತ್ತಿತ್ತು. ಅಣ್ಣ ಮನೆಯಲ್ಲಿರಲಿಲ್ಲ, ಅತ್ತಿಗೆ ಮೇಲೆ ಬಟ್ಟೆ ಒಣಗಿಸುತ್ತಿದ್ದರು, ಇಂಥ ಹೊತ್ತು ಮತ್ತೆ ಸಿಗುವುದಿಲ್ಲ ಅನಿಸಿತು. ಅಮ್ಮನಿಗೆ ಓದಲು ಬರುವುದಿಲ್ಲ. ಆದ್ದರಿಂದ ಗೊತ್ತಿರಲಿಲ್ಲ ಅಂದರೆ ನಾನು ನಂಬುತ್ತಿದ್ದೆ, ತಕ್ಷಣ, ಯಾವ ಆಕರವನ್ನೂ ಕೇಳದೆ. ಗೊತ್ತಿತ್ತು, ನಿಮ್ಮಣ್ಣನಿಗೇ ಸೇರಲಿ ಅಂತ ನಾನೇ ಹೇಳಿದ್ದು ಅಂದಿದ್ದರೂ ಬಹುಶಃ ಹೇಗೋ ಅರಗಿಸಿಕೊಳ್ಳುತ್ತಿದ್ದೆ. ಎರಡರಲ್ಲಿ ಒಂದು ಬೇಕಿತ್ತು ನನಗೆ.

ಕೇಳಿದೆ. ಅವಳ ಬೆರಳು ನಿಲ್ಲಲಿಲ್ಲ, ಕಾಳು ಮಾತ್ರ ಬಟ್ಟಲು ತಪ್ಪಿ ನೆಲಕ್ಕೆ ಬಿತ್ತು. ಅದನ್ನು ಹೆಕ್ಕಿ ಬಟ್ಟಲಿಗೆ ಹಾಕಿ, "ಉಂಡ್ಕೊಂಡ್ ಓಗು" ಅಂದಳು. ಉಂಡೆ. ಆಮೇಲೆ ಎಷ್ಟೋ ಸಲ ಹೋಗಿದ್ದೇನೆ. ಅವಳ ಕಿವಿ ಈಗ ಮಂದ, ಕೆಲವು ದಿನ ನಾನು ಯಾರೆಂದು ಗುರುತಿಸಲೂ ಹೊತ್ತು ಹಿಡಿಯುತ್ತದೆ. ಇನ್ನೊಮ್ಮೆ ಕೇಳುವ ಧೈರ್ಯ ನನಗೆ ಬಂದಿಲ್ಲ, ಮೊದಲ ಸಲದ ಉತ್ತರ ಅವಳಿಂದ ಬಂದಿಲ್ಲ. ಅಂದು ನಾನು ಅವಳನ್ನು ಕೇಳಿದ್ದು ಹೀಗೇ ಎಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆ, ಮನೆಗೆ ಬಂದೊಡನೆ ಬರೆದಿಟ್ಟಿದ್ದೆ:

"ಅಮ್ಮ, ನಾನು ಆ ಸಹಿ ಹಾಕ್ತಾ ಇದ್ದಾಗ, ಏನು ಬಿಟ್ಟುಕೊಡ್ತಾ ಇದೀನಿ ಅಂತ ನಿನಗೆ ಗೊತ್ತಿತ್ತಾ?"